ಯಂತ್ರಕ್ಕೆ ಕಲಿಸಿದ ತಪ್ಪು

“ಇದು ನನ್ನ ಹೆಸರನ್ನೇ ತಪ್ಪು ಅಂತಿದೆಯಲ್ರೀ!” ಎಂದು ಕತೆಗಾರ್ತಿ ಕುರ್ಚಿಯಿಂದ ಎದ್ದೇಬಿಟ್ಟಳು.

ಕೋಣೆಯಲ್ಲಿ ನಗು ಎದ್ದಿತು. ಗೋಡೆಯ ಬಿಳಿ ಪರದೆಯ ಮೇಲೆ ಮೊದಲನೆಯ ತಂತ್ರಾಂಶ ಒಂದು ಪುಟ ಓದಿ ಮುಗಿಸಿ, ಅದರ ಮೈತುಂಬ ಕೆಂಪು ಗೆರೆ ಎಳೆದು ಕೂತಿತ್ತು. ‘ಮನೆ’ ಅದಕ್ಕೆ ಗೊತ್ತು. ‘ಮನೆಯೊಳಗಿಂದಲೂ’ ಗೊತ್ತಿಲ್ಲ. ‘ಬಂದ’ ಗೊತ್ತು. ‘ಬಂದದ್ದಕ್ಕಾಗಿಯೇ’ ಎಂದರೆ ಕಣ್ಣು ಕಣ್ಣು ಬಿಡುತ್ತದೆ.

“ನಿಘಂಟಲ್ಲಿ ಇದ್ದದ್ದು ಇದ್ದಂಗೆ ಬಂದ್ರೆ ಮಾತ್ರ ಇದು ಸರಿ ಅನ್ನುತ್ತೆ,” ಎಂದಳು ಕೊಂಬಮ್ಮ. “ನೂರು ಸರಿ ಪದಕ್ಕೆ ಕೆಂಪು ಗೆರೆ ಎಳೆದ್ರೆ ನೂರಾ ಒಂದನೇದು ನಿಜವಾಗ್ಲೂ ತಪ್ಪಿದ್ರೂ ನೀವು ನೋಡಲ್ಲ. ಕಣ್ಣಿಗೆ ರೂಢಿ ಆಗ್ಬಿಡುತ್ತೆ. ಇದು ಬೇಡ. ಮುಂದಕ್ಕೆ.”

ಕೊಂಬಮ್ಮ ಅವಳ ನಿಜವಾದ ಹೆಸರಲ್ಲ. ಚಿಕ್ಕಂದಿನಲ್ಲಿ ಏನು ಬರೆದರೂ ಅಕ್ಷರಕ್ಕೆ ಕೊಂಬು ಕೊಡುವುದನ್ನು ಮರೆಯುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು. ಕೊಂಬು ಇರುವುದು ತಲೆಯ ಮೇಲೆ ಎಂಬುದು ಉಳಿದವರಿಗೆ ಆಮೇಲೆ ಗೊತ್ತಾಯಿತು. ಖೋಟಾ ಉಯಿಲು, ಸಹಿಯಿಲ್ಲದ ಪತ್ರ, ತಿದ್ದಿದ ಕರಾರು ಇಂಥವನ್ನು ಪತ್ತೆ ಮಾಡುವುದು ಅವಳ ಕಸುಬು. ಆದರೆ ಈ ಪ್ರಕಾಶನ ಸಂಸ್ಥೆಗೆ ಅವಳು ಬಂದದ್ದು ಪತ್ತೇದಾರಳಾಗಿ ಅಲ್ಲ. ಬರಹಗಾರರೆಲ್ಲ ಸೇರಿ, ಕಾಗುಣಿತ ಮತ್ತು ವ್ಯಾಕರಣ ನೋಡುವ ಹೊಸ ತಂತ್ರಾಂಶವನ್ನು ಹೊರಗಿನವರೊಬ್ಬರು ಪರೀಕ್ಷಿಸಿಯೇ ಆರಿಸಬೇಕೆಂದು ಹಟ ಹಿಡಿದಿದ್ದರು. ಆ ಹೊರಗಿನವಳಾಗಿ ಅವಳು ಒಳಗೆ ಬಂದಿದ್ದಳು. ಅವಳು ಯಾರ ಮಗಳೆಂದಾಗಲಿ, ಮನೆಯಲ್ಲಿ ಕರೆಯುವ ಈ ಹೆಸರನ್ನಾಗಲಿ ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಬರಹಗಾರರ ಹಟಕ್ಕೆ ಕಾರಣ ಇತ್ತು. ಒಂದೂವರೆ ವರ್ಷದ ಹಿಂದೆ ಇದೇ ಸಂಸ್ಥೆ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಬಗ್ಗೆ ಒಂದು ಪುಸ್ತಕ ತಂದಿತ್ತು. ‘ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು’ ಎಂಬ ಸಾಲು ಅದರಲ್ಲಿ ‘ಹಾಕಬೇಕು’ ಎಂದು ಅಚ್ಚಾಯಿತು. ಒಬ್ಬ ಬಡಗಿಯ ಮಗಳು ಮನೆಯಲ್ಲಿ ಕುಸಿದು ಬಿದ್ದಳು. ಹೆಂಡತಿ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದಳು, ಬಡಗಿ ತನ್ನ ಕೈಯಾರೆ ಮಗಳ ಬಾಯಿಗೆ ನೀರು ಹೊಯ್ದ. ಹುಡುಗಿಗೆ ಹತ್ತೊಂಬತ್ತು ವರ್ಷ. ಮತ್ತೆ ಎದ್ದೇಳಲಿಲ್ಲ.

ಅದಾದ ಮೇಲೆ ಆ ಬಡಗಿಯ ಕೈಗೆ ಕಂಪ್ಯೂಟರಿನಲ್ಲಿ ಮುದ್ರಿಸಿದ, ಸಹಿಯಿಲ್ಲದ ಒಂದು ಹಾಳೆ ಸೇರಿತು. ‘ಆದ್ದರಿಂದ ಈ ಸಾವಿಗೆ ಕರಡು ತಿದ್ದಿದವರೇ ಹೊಣೆ. ಅವರ ಮೇಲೆ ನಿರ್ಧಾಕ್ಷಿಣ್ಯ ಕ್ರಮ ಆಗಲೇಬೇಕು.’ ವಾರದೊಳಗೆ ಬಡಗಿ ಕರಡು ತಿದ್ದುವ ಮುದುಕರನ್ನು ರಸ್ತೆಯಲ್ಲಿ ಅಡ್ಡಗಟ್ಟಿ, ಅವರ ಬಲಗೈಯನ್ನು ಕಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ಮೂರು ಬೆರಳು ಮುರಿದವು.

ಆ ಮುದುಕರು ಕೊಂಬಮ್ಮನ ಅಪ್ಪ.

ಅಪ್ಪ ದೂರು ಕೊಡಲಿಲ್ಲ. “ಅವನ ಮಗಳು ಹೋಗಿದ್ದಾಳೆ, ನಂದು ಬೆರಳು ಹೋಗಿದೆ,” ಎಂದು ಸುಮ್ಮನಾದರು. ಸುಮ್ಮನಾಗದವಳು ಮಗಳು. ಅಪ್ಪ ಸಹಿ ಹಾಕಿದ ಕೊನೆಯ ಕರಡನ್ನು ಮನೆಯ ಅಟ್ಟದಿಂದ ಹುಡುಕಿ ತೆಗೆದು ಬಡಗಿಯ ಹೆಂಡತಿಯ ಮುಂದಿಟ್ಟಳು. ಅದರಲ್ಲಿ ‘ಹಾಕಬಾರದು’ ಎಂದೇ ಇತ್ತು, ಕೆಳಗೆ ಅಪ್ಪನ ಕೆಂಪು ಶಾಯಿಯ ಗುರುತಿತ್ತು. ಹೆಂಡತಿ ಓದಿ ಹೇಳಿದಾಗ ಬಡಗಿ ತಲೆ ಚಚ್ಚಿಕೊಂಡು ಅತ್ತ. ಸಹಿಯಿಲ್ಲದ ಆ ಹಾಳೆಯನ್ನು ಕೊಂಬಮ್ಮನ ಕೈಗೆ ಕೊಟ್ಟ. ಅಂದಿನಿಂದ ಇಬ್ಬರಿಗೂ ಬೇಕಾದದ್ದು ಒಂದೇ ಹೆಸರು.

“ಹೆಸರು ಸಿಕ್ಕಿದ್ರೆ ಏನು ಮಾಡ್ತೀಯಮ್ಮಾ?” ಎಂದು ಈ ಬೆಳಗ್ಗೆ ಅಪ್ಪ ಕೇಳಿದ್ದರು, ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತ.

“ಬಡಗಿಗೆ ಕೊಡ್ತೀನಿ.”

“ಕೊಟ್ಟು?”

ಅವಳು ಅಪ್ಪನ ಅಂಗಿಗೆ ಗುಂಡಿ ಹಾಕಿ ಹೊರಟಿದ್ದಳು.

*

ಎರಡನೆಯ ತಂತ್ರಾಂಶ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪುಟ ಮುಗಿಸಿತು. ಒಂದೂ ಕೆಂಪು ಗೆರೆ ಇಲ್ಲ. ಎಲ್ಲ ತಾನೇ ತಿದ್ದಿಬಿಟ್ಟಿತ್ತು.

“ನೋಡಿ, ಇದು ಕೆಲಸ ಅಂದ್ರೆ,” ಎಂದರು ಸಂಪಾದಕರು. ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅಂಗಿ, ಮಾತಿಗೊಮ್ಮೆ ಕನ್ನಡಕ ಸರಿ ಮಾಡಿಕೊಳ್ಳುವ ಅಭ್ಯಾಸ. “ನಾವು ಈಗ ಬಳಸ್ತಿರೋ ಕಂಪನಿಯದ್ದೇ ಹೊಸದು. ಒಂದೊಂದಕ್ಕೂ ಕೇಳ್ತಾ ಕೂತ್ರೆ ಪುಸ್ತಕ ಹೊರಗೆ ಬರೋದು ಯಾವಾಗ?”

“ತಿದ್ದಿದ್ದನ್ನ ಒಂದ್ಸಲ ಓದೋಣ ಸಾರ್.”

ಕೊಂಬಮ್ಮ ಪರೀಕ್ಷೆಯ ಪುಟದಲ್ಲಿ ಒಂದು ಸಾಲು ಹಾಕಿದ್ದಳು: ‘ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು.’ ಪರದೆಯ ಮೇಲೆ ಈಗ ಇದ್ದದ್ದು: ‘ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಕು.’ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ‘ನಿಷೇಧ ವಾಕ್ಯಗಳು ಹೆಚ್ಚಾಗಿವೆ. ನೇರ ವಾಕ್ಯವಾಗಿ ಬದಲಿಸಲಾಗಿದೆ.’

ಯಾರೋ ಕೆಮ್ಮಿದರು.

ಪತ್ತೇದಾರಳಿಗೆ ಇಷ್ಟು ತಿಂಗಳು ಗೊತ್ತಾಗದ ಒಂದು ಸಂಗತಿ ಆ ಕ್ಷಣದಲ್ಲಿ ಗೊತ್ತಾಯಿತು. ‘ಬಾರದು’ ಹೇಗೆ ‘ಬೇಕು’ ಆಯಿತು ಎಂಬುದು. ಯಾರೂ ಕೂತು ವಿಷ ಬೆರೆಸಿರಲಿಲ್ಲ. ಯಂತ್ರ ಸಲಹೆ ಕೊಟ್ಟಿತ್ತು, ಯಾರೋ ಓದದೆ ಹೂಂ ಎಂದಿದ್ದರು. ಆ ಯಾರೋ ಯಾರೆಂಬುದು ಇನ್ನೂ ಸಿಗಬೇಕಿತ್ತು.

ಅವಳು ಸಂಪಾದಕರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಮೂರನೆಯದು ನಿಧಾನಿ. ಒಂದೊಂದು ಸಾಲಿಗೂ ನಿಂತು, ಸಂಶಯ ಬಂದಲ್ಲಿ ಗೆರೆ ಎಳೆದು, ಏಕೆಂದು ಹೇಳಿ, ಕಾಯಿತು. ತಾನಾಗಿ ಒಂದಕ್ಷರವನ್ನೂ ಮುಟ್ಟಲಿಲ್ಲ. ‘ಅವರು ಬಂದನು’ ಎಂಬುದನ್ನು ಹಿಡಿಯಿತು. ‘ಶುಭಾಷಯ’ವನ್ನು ಹಿಡಿಯಿತು. ಎರಡು ತಪ್ಪುಗಳು ಅದರ ಕಣ್ಣಿಗೂ ಬೀಳಲಿಲ್ಲ.

“ನನ್ನ ಪಾತ್ರಗಳು ಆಡೋ ಮಾತೆಲ್ಲ ತಪ್ಪು ಅಂತಿದೆ,” ಎಂದು ಕತೆಗಾರ್ತಿ ಮುಖ ಸಿಂಡರಿಸಿದಳು.

“ಉದ್ಧರಣ ಚಿಹ್ನೆಯ ಒಳಗಿನದನ್ನ ಬಿಟ್ಟುಬಿಡು ಅಂತ ಹೇಳ್ಬಹುದು. ಹೇಳಿದ್ರೆ ಕೇಳುತ್ತೆ.” ಕೊಂಬಮ್ಮ ಗುರುತು ಹಾಕಿ ತೋರಿಸಿದಳು. “ಇನ್ನೊಂದು ವಿಷ್ಯ. ಯಾರು, ಯಾವತ್ತು, ಏನನ್ನ ಬದಲಾಯಿಸಿದ್ರು ಅಂತ ಇದು ಬರೆದಿಟ್ಟುಕೊಳ್ಳುತ್ತೆ. ಅಳಿಸೋಕಾಗಲ್ಲ.”

“ಪೊಲೀಸ್ ಸ್ಟೇಷನ್ ಆಯ್ತಲ್ಲ!” ಎಂದು ಸಂಪಾದಕರು ನಕ್ಕರು. ಯಾರೂ ಜೊತೆಗೂಡಲಿಲ್ಲ.

“ಕೊನೆಯದಾಗಿ ನಿಮ್ಮ ಹಳೇದನ್ನೂ ನೋಡಿಬಿಡೋಣ. ಹೋಲಿಕೆಗೆ,” ಎಂದಳು ಕೊಂಬಮ್ಮ, ಏನೂ ಅಲ್ಲವೆಂಬಂತೆ.

ಇದಕ್ಕಾಗಿಯೇ ಅವಳು ಬೆಳಗ್ಗೆಯಿಂದ ಕಾದಿದ್ದಳು. ಹಳೆಯ ತಂತ್ರಾಂಶ ಬದಲಾವಣೆಗಳ ಲೆಕ್ಕ ಇಡುತ್ತಿರಲಿಲ್ಲ. ಆದರೆ ಅದಕ್ಕೊಂದು ‘ಕಲಿತ ಪದಗಳು’ ಎಂಬ ಪಟ್ಟಿ ಇತ್ತು. ತಾನು ತಪ್ಪೆಂದದ್ದನ್ನು ಬಳಸುವವರು ‘ಇಲ್ಲ, ಇದೇ ಸರಿ’ ಎಂದು ಗುಂಡಿ ಒತ್ತಿ ಕಲಿಸಿದರೆ, ಅದು ಮರುಮಾತಿಲ್ಲದೆ ನೆನಪಿಟ್ಟುಕೊಳ್ಳುತ್ತಿತ್ತು. ಜನ ಫೈಲು ಅಳಿಸುತ್ತಾರೆ, ಈ ಪಟ್ಟಿಯನ್ನು ಯಾರೂ ನೆನೆಯುವುದಿಲ್ಲ.

ಅವಳು ಪಟ್ಟಿ ತೆರೆದು ಒಂದೊಂದೇ ಪದ ಓದುತ್ತ ಹೋದಳು. ಬರಹಗಾರರ ಹೆಸರುಗಳು, ಬೈಗುಳಗಳು, ಅಡುಗೆ ಪುಸ್ತಕದ ಪದಗಳು. ಬೈಗುಳ ಬಂದಾಗಲೆಲ್ಲ ನಗು. ‘ನ’ ಅಕ್ಷರಕ್ಕೆ ಬಂದಾಗ ಅವಳ ಬೆರಳು ನಿಂತಿತು.

‘ನಿರ್ಧಾಕ್ಷಿಣ್ಯ.’

‘ದಾ’ ಇರಬೇಕಾದ ಕಡೆ ‘ಧಾ’. ಅದೇ ತಪ್ಪು. ಅದೇ ಹೊಟ್ಟೆ ಸೀಳಿದ ಅಕ್ಷರ. ಬಡಗಿ ಕೊಟ್ಟ ಹಾಳೆಯಲ್ಲಿ ಎಷ್ಟು ಸಲ ಅದನ್ನು ನೋಡಿದ್ದಳೆಂದರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

“ಇದನ್ನ ಯಾರು ಕಲಿಸಿದ್ದಪ್ಪಾ?” ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

ಡಿಟಿಪಿ ಮಾಡುವಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಸಾರ್‌ಗೆ ಆ ಪದ ಅಂದ್ರೆ ಪ್ರಾಣ ಮೇಡಂ. ನಾನು ಎರಡು ಸಲ ಸರಿ ಮಾಡಿ ಬೈಸ್ಕೊಂಡೆ. ಆಮೇಲೆ ಸಾರ್ ಅವರೇ ಬಂದು ಕಂಪ್ಯೂಟರಿಗೆ ಕಲಿಸಿಬಿಟ್ರು.”

“ಮಹಾಪ್ರಾಣ ಇದ್ರೇನೇ ಆ ಪದಕ್ಕೆ ಗತ್ತು,” ಎಂದರು ಸಂಪಾದಕರು, ಎದೆಯುಬ್ಬಿಸಿ.

ಕೊಂಬಮ್ಮ ಎಲ್ಲರಿಗೂ ಚಹಾಕ್ಕೆ ಬಿಡುವು ಕೊಟ್ಟಳು. ಜಗಲಿಗೆ ಬಂದು ಬಡಗಿಗೆ ಫೋನು ಮಾಡಿದಳು.

“ಬನ್ನಿ. ಹೆಸರು ಸಿಕ್ತು.”

ಆ ಕಡೆ ಉಳಿ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, “ಹತ್ತು ನಿಮಿಷ ಅಕ್ಕ.”

*

ಸಂಪಾದಕರ ಕೋಣೆಗೆ ಹೋಗಿ ಅವಳು ಒಳಗಿನಿಂದ ಅಗುಳಿ ಹಾಕಿದಳು.

“ಏನ್ರೀ ಇದು?”

“ಒಂದು ಪದ ಬರೆದುಕೊಡಿ ಸಾರ್. ನಿರ್ದಾಕ್ಷಿಣ್ಯ.”

ಅವರು ನಗುತ್ತಲೇ ಬರೆದರು. ‘ಧಾ’ದ ಹೊಟ್ಟೆಯನ್ನು ಇಷ್ಟುದ್ದ ಸೀಳಿದರು. ಅವಳು ಚೀಲದಿಂದ ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ನಗು ಅಲ್ಲೇ ನಿಂತಿತು.

“ಇದು ನಿಮ್ಮ ಕೈಗೆ ಹೇಗೆ...”

“ಕರಡು ತಿದ್ದುತ್ತಿದ್ದವರು ನಮ್ಮಪ್ಪ.”

ಸಂಪಾದಕರು ಕುರ್ಚಿಗೆ ಒರಗಿದರು. ಕನ್ನಡಕ ಸರಿ ಮಾಡಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ಉಳಿಯಿತು.

“ಮೂವತ್ತೊಂದು ವರ್ಷ ಇಲ್ಲಿ ಕೂತು ನಿಮ್ಮಂಥವರ ತಪ್ಪು ತಿದ್ದಿದ್ದಾರೆ,” ಎಂದಳು. ದನಿ ಏರಿಸಲಿಲ್ಲ. “ಇವತ್ತು ಅಂಗಿಗೆ ಗುಂಡಿ ಹಾಕ್ಕೊಳ್ಳೋಕಾಗಲ್ಲ. ಅನ್ನ ಕಲಸೋಕಾಗಲ್ಲ. ಮನೇಲಿ ಒಂದು ಹಾಳೆ ಕಣ್ಣಿಗೆ ಬಿದ್ರೂ ಮುಖ ತಿರುಗಿಸ್ತಾರೆ. ನೀವು ಹೊಟ್ಟೆ ತುಂಬ ಊಟ ಮಾಡಿ ಇಸ್ತ್ರಿ ಅಂಗಿ ಹಾಕ್ಕೊಂಡು ಓಡಾಡ್ತಿದ್ದೀರಿ. ಗುಂಡಿ ಒತ್ತಿದ್ದು ನೀವೇ ತಾನೇ?”

“ನೂರಾ ನಲವತ್ತು ಸಲಹೆ ಇತ್ತು.” ಅವರು ಹಾಳೆಯನ್ನು ಪಕ್ಕಕ್ಕೆ ಸರಿಸಿದರು. “ಮಾರನೇ ದಿನ ಅಚ್ಚಿಗೆ ಹೋಗ್ಬೇಕು. ಎಲ್ಲಾ ಕೊಂಬು, ದೀರ್ಘದ್ದೇ ಇರ್ತವೆ ಅಂದ್ಕೊಂಡೆ. ‘ಎಲ್ಲಾ ಒಪ್ಪು’ ಅಂತ ಒತ್ತಿಬಿಟ್ಟೆ. ಆಮೇಲೆ ಒಂದ್ಸಲ ನಿಮ್ಮಪ್ಪನಿಗೆ ತೋರಿಸ್ಬೇಕಿತ್ತು. ತೋರಿಸ್ಲಿಲ್ಲ.”

“ಆ ಹುಡುಗಿ ಸತ್ತ ಮೇಲೆ?”

“ಕಂಪ್ಯೂಟರ್ ತೆಗೆದು ನೋಡ್ದೆ. ಗೊತ್ತಾಯ್ತು. ಆ ಫೈಲು ಅಳಿಸಿದೆ.” ಅವರು ಮೇಜಿನ ಅಂಚು ಹಿಡಿದುಕೊಂಡರು. “ಹೆದರಿಕೆ ಆಯ್ತಮ್ಮ. ಮನೆ ಇದೆ, ಹೆಂಡ್ತಿ ಇದ್ದಾಳೆ.”

“ಹೆದರಿಕೆ ಆಗಿ ಮಗಳು ಸತ್ತವನ ಕೈಗೆ ನಮ್ಮಪ್ಪನನ್ನ ಕೊಟ್ರಿ.”

“ಇಲ್ಲ!” ಅವರು ಎದ್ದು ನಿಂತರು. “ಅದೊಂದು ಮಾತ್ರ ಇಲ್ಲ. ಇದನ್ನ ನಾನು ಬರೆದಿದ್ದು ಹೌದು. ಬಡಗಿಗೆ ಬರೆದಿದ್ದಲ್ಲ.”

“ಮತ್ತೆ ಯಾರಿಗೆ, ನಮ್ಮಪ್ಪನಿಗಾ?”

“ಮೊದಲ್ನೇ ಪದ ನೋಡಿ. ‘ಆದ್ದರಿಂದ’. ಯಾರಾದ್ರೂ ಆದ್ದರಿಂದ ಅಂತ ಪತ್ರ ಶುರು ಮಾಡ್ತಾರಾ? ಇದು ಎರಡನೇ ಹಾಳೆ. ಆಫೀಸಿನ ಟಿಪ್ಪಣಿ. ಫೈಲು ಅಳಿಸಿದ್ರೂ ಒಳಗಿನವರಿಗೆ ಮುಚ್ಚಿಡೋಕಾಗ್ಲಿಲ್ಲ. ಮೊದಲ್ನೇ ಹಾಳೇಲಿ ನಾನು ಗುಂಡಿ ಒತ್ತಿದ್ದೂ ಬರೆದಿದ್ದೆ, ಹೆಸರೂ ಹಾಕಿದ್ದೆ. ಎರಡನೇದ್ರಲ್ಲಿ... ಕೊನೇ ಹೊಣೆ ಕರಡು ತಿದ್ದೋರದ್ದು ಅಂತ ಜಾರಿಕೊಂಡೆ. ಅದು ನನ್ನ ಹೇಡಿತನ, ಒಪ್ಕೋತೀನಿ. ಕೆಲಸದಿಂದ ತೆಗೀತಾರೆ, ಅಷ್ಟೇ ಆಗೋದು ಅಂದ್ಕೊಂಡಿದ್ದೆ.”

“ಮೊದಲ್ನೇ ಹಾಳೆ ಎಲ್ಲಿ?”

“ನನಗೆ ಗೊತ್ತಿಲ್ಲ. ಎರಡನ್ನೂ ಪಿನ್ ಮಾಡಿ ಮೇಲೆ ಕಳಿಸಿದ್ದೆ.”

“ಮೇಲೆ ಅಂದ್ರೆ?”

ಅವರ ಕಣ್ಣು ಚಾವಣಿಯ ಕಡೆಗೆ ಹೋಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಯ ಸದ್ದು ಕೇಳಿಸಿತು.

ಕೊಂಬಮ್ಮ ಇನ್ನು ಕಾಯಲಿಲ್ಲ. ಕೇಳುವುದೆಲ್ಲ ಕೇಳಿದ್ದಾಗಿತ್ತು. ಸಿಕ್ಕಿಬಿದ್ದವರು ಹಾಳೆ ಎಣಿಸುತ್ತಾರೆ, ಪಿನ್ನು ಹುಡುಕುತ್ತಾರೆ, ಇಂಥವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇಷ್ಟು ತಿಂಗಳು ಎದೆಯಲ್ಲಿ ಕಾಯಿಸಿಟ್ಟುಕೊಂಡದ್ದು ಈಗ ಕೈಯೆಟುಕಿನಲ್ಲಿತ್ತು. ಅಗುಳಿ ತೆಗೆದಳು.

ಬಡಗಿ ಜಗಲಿಯಲ್ಲಿ ನಿಂತಿದ್ದ. ಅಗಲ ಭುಜ, ತೋಳಿನ ಮೇಲೆ ಮರದ ಪುಡಿ. ಕೆಲಸದಿಂದ ನೇರ ಎದ್ದು ಬಂದಿದ್ದ. ಹೆಗಲಿನ ಚೀಲದಲ್ಲಿ ಉಳಿ, ಸುತ್ತಿಗೆಗಳು ಒಂದಕ್ಕೊಂದು ತಾಗುತ್ತಿದ್ದವು.

“ಒಳಗಿದ್ದಾರೆ,” ಎಂದಳು ಕೊಂಬಮ್ಮ. “ಗುಂಡಿ ಒತ್ತಿದ್ದೂ ಅವರೇ. ಕಾಗದ ಬರೆದಿದ್ದೂ ಅವರೇ. ಎರಡನ್ನೂ ಒಪ್ಪಿಕೊಂಡ್ರು.”

ಬಡಗಿ ಹೊಸ್ತಿಲ ಮೇಲೆ ನಿಂತು ಸಂಪಾದಕರನ್ನು ನೋಡಿದ. ಸಂಪಾದಕರು ಗೋಡೆಗೆ ಬೆನ್ನು ಹಚ್ಚಿದರು. ಕನ್ನಡಕ ನೆಲಕ್ಕೆ ಬಿತ್ತು. ಆ ಮುಖದಲ್ಲಿ ಹೆದರಿಕೆ ಹರಡುವುದನ್ನು ಕೊಂಬಮ್ಮ ಕಣ್ತುಂಬ ನೋಡಿದಳು. ಕೈಯನ್ನು ಹಿಡಿದು ಕಟ್ಟೆಯ ಮೇಲಿಟ್ಟಾಗ ಅಪ್ಪನ ಮುಖವೂ ಹೀಗೇ ಇದ್ದಿರಬೇಕು. ತಡೆಯಬೇಕೆಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ. ಅದು ಅವಳಿಗೇ ಆಶ್ಚರ್ಯ ತಂದಿತು.

ಬಡಗಿಯ ಕೈ ಚೀಲದೊಳಗೆ ಹೋಯಿತು. ಆಮೇಲೆ ಬರಿಗೈ ಹೊರಗೆ ಬಂತು.

“ಇವರಲ್ಲ ಅಕ್ಕ.”

“ಏನು?”

“ನನಗೆ ಕಾಗದ ಕೊಟ್ಟಿದ್ದು ಇವರಲ್ಲ. ಬರೆದೋರು ಇವರೇ ಇರ್ಬಹುದು. ಕೊಟ್ಟು ಓದಿ ಹೇಳಿದ್ದು ಒಬ್ಬ ಹೆಂಗಸು.”

“ಓದಿ ಹೇಳಿದ್ರಾ? ನೀವು ಓದಿದ್ದಲ್ವಾ?”

ಬಡಗಿ ನೆಲ ನೋಡಿದ. ಮಗಳು ಸತ್ತದ್ದನ್ನು ಹೇಳುವಾಗಲೂ ತಗ್ಗದ ತಲೆ ಈಗ ತಗ್ಗಿತು. “ನನಗೆ ಓದಕ್ಕೆ ಬರಲ್ಲ ಅಕ್ಕ. ಓದೋದೆಲ್ಲ ನನ್ನ ಹೆಂಡ್ತಿ, ಮಗಳು. ನಿಮಗೆ ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಕಾಗದ ಬಾಗಿಲ ಹತ್ರ ಬಿದ್ದಿತ್ತು ಅಂತ ಸುಳ್ಳು ಹೇಳ್ದೆ.”

ಕೊಂಬಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹುಟ್ಟಿದಾಗಿನಿಂದ ಅಕ್ಷರದ ನಡುವೆ ಬೆಳೆದವಳು. ಆ ಹಾಳೆಯ ಒಂದೊಂದು ಅಕ್ಷರವನ್ನೂ ಜಾಲಾಡಿದ್ದಳು. ಅದನ್ನು ಹಿಡಿದವನಿಗೆ ಓದಲು ಬರುತ್ತದೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ.

“ಯಾರು ಆ ಹೆಂಗಸು?”

“ಗೊತ್ತಿಲ್ಲ. ಮಗಳು ಹೋದ ಮೂರನೇ ದಿನ ನನ್ನ ಕೆಲಸದ ಕೊಟ್ಟಿಗೆಗೇ ಬಂದ್ರು. ನಾನೊಬ್ಬನೇ ಇದ್ದೆ. ಹೆತ್ತ ತಾಯಿ ಹಂಗೆ ನನ್ನ ಕೈ ಹಿಡ್ಕೊಂಡು ಅತ್ರು. ಕಾಗದ ಓದಿದ್ರು. ತಪ್ಪೆಲ್ಲ ನಿಮ್ಮಪ್ಪ ಒಬ್ಬರದ್ದೇ, ಪುಸ್ತಕ ತಂದ ಸಂಸ್ಥೆದಲ್ಲ ಅಂದ್ರು. ನಿಮ್ಮಪ್ಪ ಯಾವ ರಸ್ತೇಲಿ, ಯಾವ ಹೊತ್ತಿಗೆ ನಡೆದು ಹೋಗ್ತಾರೆ ಅಂತ ಹೇಳಿದ್ರು.” ಅವನು ಚೀಲವನ್ನು ಹೆಗಲ ಮೇಲೆ ಸರಿ ಮಾಡಿಕೊಂಡ. “ಯಾವ ಕೈಲಿ ಬರೀತಾರೆ ಅಂತ ನಾನು ಕೇಳಿರ್ಲಿಲ್ಲ ಅಕ್ಕ. ಅವರಾಗೇ ಹೇಳಿದ್ರು.”

ಒಳಗಿನಿಂದ ಸಂಪಾದಕರು ಏನನ್ನೋ ಹೇಳಲು ಹೋದರು. ಅವರು ನೋಡುತ್ತಿದ್ದದ್ದು ಇವರಿಬ್ಬರನ್ನಲ್ಲ, ಇವರ ಹಿಂದಿನ ಮೆಟ್ಟಿಲುಗಳನ್ನು.

ಮೇಲಿನ ಮಹಡಿಯಿಂದ ಯಜಮಾನಿ ಇಳಿದು ಬರುತ್ತಿದ್ದರು. ಸಂಸ್ಥೆ ಅವರದ್ದು. ಅರವತ್ತು ದಾಟಿದ, ಬೆಳ್ಳಗೆ ಮಾಗಿದ ತಲೆಯ, ಯಾರೊಂದಿಗೂ ದನಿ ಎತ್ತರಿಸದ ಹೆಂಗಸು. ಕೊಂಬಮ್ಮನನ್ನು ಈ ಕೆಲಸಕ್ಕೆ ಒಪ್ಪಿ ಕರೆಸಿಕೊಂಡವರೂ ಅವರೇ.

“ಎಲ್ಲರೂ ಕಾಯ್ತಿದ್ದಾರಮ್ಮಾ. ಯಾವ ಸಾಫ್ಟ್‌ವೇರ್ ಅಂತ ತೀರ್ಮಾನ ಮಾಡಿದ್ರಾ?”

ಬಡಗಿಯ ಬೆನ್ನು ಅವರ ಕಡೆಗಿತ್ತು. ಆ ದನಿ ಕೇಳಿದ್ದೇ ಅವನ ಭುಜಗಳು ಬಿಗಿದವು. ಅವನು ತಿರುಗಲಿಲ್ಲ. ಕೊಂಬಮ್ಮನ ಕಣ್ಣನ್ನೇ ನೋಡುತ್ತ, ನಿಧಾನವಾಗಿ, ಹೌದೆಂಬಂತೆ ಒಂದೇ ಸಲ ತಲೆಯಾಡಿಸಿದ.

ಕೊಂಬಮ್ಮ ಮೆಟ್ಟಿಲ ಕಡೆ ತಿರುಗಿದಳು. “ಮೂರನೇದು. ಯಾರು ಏನು ಬದಲಾಯಿಸಿದ್ರು ಅಂತ ಅದು ಮರೆಯಲ್ಲ.”

“ಒಳ್ಳೇದು. ನನಗೂ ಅದೇ ಸರಿ ಅನ್ನಿಸಿತ್ತು.” ಯಜಮಾನಿ ಕೊನೆಯ ಮೆಟ್ಟಿಲು ಇಳಿದು ಹತ್ತಿರ ಬಂದರು. ಗೋಡೆಗಂಟಿದ ಸಂಪಾದಕರನ್ನು ನೋಡಿದರು. ಬಡಗಿಯ ಅಗಲ ಬೆನ್ನನ್ನು ನೋಡಿದರು. ಯಾವುದಕ್ಕೂ ಅಚ್ಚರಿಪಡಲಿಲ್ಲ. ಆಮೇಲೆ ಕೊಂಬಮ್ಮನ ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟರು.

“ಅಪ್ಪನ ಕೈ ಈಗ ಹೇಗಿದೆ, ಕೊಂಬಮ್ಮಾ?”